‘ಯಾರ ಪೈಕಿ’ ಎಂಬ ತಂತ್ರಾಂಶ

ಫೆಬ್ರವರಿ 10, ಸೋಮವಾರ

ಆ ಗಲ್ಫಿನವನ ಜೊತೆ ಮಾತು ಬಿಟ್ಟು ಸುಮಾರು ಒಂದು ತಿಂಗಳಾಯಿತು. ಆರೋಗ್ಯ ಸುಧಾರಿಸಿದೆ.

ಕಾರಣವನ್ನು ಇಲ್ಲಿ ಬರೆದಿಡುತ್ತೇನೆ, ಮುಂದೆ ಯಾವತ್ತಾದರೂ ಮನಸ್ಸು ಮೆತ್ತಗಾದರೆ ತೆಗೆದು ಓದಲಿಕ್ಕೆ. ಅವನ ಹೆಸರು ಮುಹಮ್ಮದ್ ರಿಯಾಝ್. ಶಾರ್ಜಾದಲ್ಲಿ ಕೆಲವು ವರ್ಷ ಇದ್ದು ಬಂದವನು. ನಮ್ಮ ಆಫೀಸಿಗೆ ಸೇರಿದ ದಿನವೇ ನಾನು ಬರೆದ ಲ್ಯಾಬ್ ಪ್ರೋಗ್ರಾಮನ್ನು ತೆರೆದು ನೋಡಿ, "ಇದು ಇನ್ನೂ ಓಡ್ತದಾ? ಮ್ಯೂಸಿಯಮ್ಮಿಗೆ ಕೊಟ್ಟರೆ ಟಿಕೆಟ್ ಇಟ್ಟು ತೋರಿಸಬಹುದು" ಎಂದು ಎಲ್ಲರ ಮುಂದೆ ಹೇಳಿದ. ಎಲ್ಲರ ಮುಂದೆ ಎಂದರೆ ರಝಿಯಾ ಮೇಡಂ ಮುಂದೆ. ನಮ್ಮ ಆಫೀಸಿನಲ್ಲಿ ಇರುವುದೇ ಮೂರು ಜನ: ಯಜಮಾನಿ ರಝಿಯಾ ಮೇಡಂ, ಅವನು, ನಾನು. ಅವನಿಗೂ ನನಗೂ ನಡುವೆ ಒಂದು ಸ್ಟೀಲ್ ಕಪಾಟು ಇದೆ. ಮೊದಲು ಗೋಡೆಗೆ ತಾಗಿ ಇತ್ತು, ಮರುದಿನ ಬೇಗ ಬಂದು ನಾನೇ ಎಳೆದು ಅಲ್ಲಿಟ್ಟೆ. ಸೊಂಟ ಇನ್ನೂ ನೋಯುತ್ತಿದೆ.

ಇವತ್ತು ಮೇಡಂ ಕುಂಬಳೆಯಿಂದ ಕೆಟ್ಟ ಸುದ್ದಿ ತಂದರು. ಡಾಕ್ಟರ್ ಶರತ್‌ಚಂದ್ರರ ಲ್ಯಾಬಿನಲ್ಲಿ ರಕ್ತಪರೀಕ್ಷೆಯ ಬಿಲ್ಲಿನಿಂದ ಹಿಡಿದು ರಿಪೋರ್ಟಿನವರೆಗೆ ಎಲ್ಲವೂ ನಡೆಯುವುದು ನನ್ನ ಪ್ರೋಗ್ರಾಮಿನಲ್ಲಿ. ಈಗ ಅವರು ಮಧೂರಿನಲ್ಲಿ ಎರಡನೆಯ ಲ್ಯಾಬ್ ತೆರೆಯುತ್ತಾರಂತೆ. ರಿಪೋರ್ಟು ರೋಗಿಯ ಮೊಬೈಲಿಗೆ ತಾನಾಗಿ ಹೋಗಬೇಕಂತೆ. ಹಾಗೆ ಕಳಿಸುವ ಕಾಂಪೊನೆಂಟನ್ನು, ಅಂದರೆ ಪ್ರೋಗ್ರಾಮಿಗೆ ಜೋಡಿಸುವ ಬಿಡಿಭಾಗವನ್ನು, ಆ ಗಲ್ಫಿನವ ಹೊಸ ಭಾಷೆಯಲ್ಲಿ ಬರೆದು ಮುಗಿಸಿದ್ದಾನೆ. ಅದು ನನ್ನ ಹಳೆಯ ಪ್ರೋಗ್ರಾಮಿನ ಜೊತೆ ಮಾರ್ಚ್ ಮುಗಿಯುವುದರೊಳಗೆ ಹೊಂದಿಕೊಂಡು ಕೆಲಸ ಮಾಡಬೇಕು. ಆಗದಿದ್ದರೆ ಡಾಕ್ಟರು ನನ್ನದನ್ನು ತೆಗೆದು ಕೊಚ್ಚಿಯ ಒಂದು ಕಂಪೆನಿಯ ಪ್ರೋಗ್ರಾಮನ್ನು ಹಾಕಿಸುತ್ತಾರೆ.

ನನ್ನ ಪ್ರೋಗ್ರಾಮ್ ಹೋದರೆ ನಾನೂ ಹೋದ ಹಾಗೆ. ಹದಿನೆಂಟು ವರ್ಷದಿಂದ ನಾನು ಮಾಡಿಕೊಂಡು ಬಂದದ್ದು ಅದೊಂದನ್ನೇ. ಈ ಪ್ರಾಯದಲ್ಲಿ ನನ್ನನ್ನು ಬೇರೆ ಯಾರು ಕರೆಯುತ್ತಾರೆ? ಹೆದರಿಕೆಯಾಯಿತು. ಮೇಡಂ ಹತ್ತಿರ "ನೋಡುವ" ಎಂದಷ್ಟೇ ಹೇಳಿದೆ.

ಫೆಬ್ರವರಿ 12, ಬುಧವಾರ

ಶ್ರೀರಂಜಿನಿಗೆ ನನ್ನ ಕೆಲಸ ಅರ್ಥ ಮಾಡಿಸಲು ಮದುವೆಯಾದಂದಿನಿಂದ ಪ್ರಯತ್ನಿಸುತ್ತಿದ್ದೇನೆ. ಇವತ್ತು ಅವಳು ದೋಸೆ ಹೊಯ್ಯುತ್ತಾ, "ಎರಡೂ ಒಂದೇ ಕಂಪ್ಯೂಟರಿನ ಒಳಗೆ ಇರುವುದಲ್ಲವಾ? ಹಾಗಿದ್ದರೆ ಸೇರಿಸಲಿಕ್ಕೆ ಎಂತ ಕಷ್ಟ?" ಎಂದು ಕೇಳಿದಳು.

"ಒಳಗೆ ಇದ್ದರೆ ಸಾಲದು. ಪರಿಚಯ ಆಗಬೇಕು" ಎಂದೆ. "ಮದುವೆಮನೆಗೆ ಹೋದಾಗ ಜಗಲಿಯಲ್ಲಿ ಕೂತ ಹಿರಿಯರು ಎಂತ ಕೇಳುತ್ತಾರೆ? ನೀವು ಯಾರ ಪೈಕಿ ಅಂತ. ಇಂಥವರ ಅಳಿಯ, ಇಂಥವರ ಭಾವ ಎಂದು ಹೇಳಿದ ಮೇಲೆಯೇ ಪಾನಕ. ಕಂಪ್ಯೂಟರೂ ಹಾಗೆಯೇ. ಹೊಸ ಕಾಂಪೊನೆಂಟ್ ಬಂದರೆ ಅದರ ಹೆಸರು, ಅದು ಯಾರದ್ದು, ಎಲ್ಲಿ ಇರುತ್ತದೆ, ಎಲ್ಲವನ್ನೂ ಒಳಗಿನ ರಿಜಿಸ್ಟ್ರಿ ಎಂಬ ದಾಖಲೆ ಪುಸ್ತಕದಲ್ಲಿ ಬರೆಸಬೇಕು. ಇಲ್ಲದಿದ್ದರೆ ನನ್ನ ಪ್ರೋಗ್ರಾಮ್ ಅದನ್ನು ಕಣ್ಣೆತ್ತಿ ನೋಡುವುದಿಲ್ಲ."

"ನಿಮ್ಮ ಹಾಗೆಯೇ ಅನ್ನಿ" ಎಂದು ಅವಳು ದೋಸೆ ಮಗುಚಿದಳು. ಏನು ಹೇಳಿದಳೆಂದು ತಿಳಿಯಲಿಲ್ಲ. ಆದರೆ ನನಗೆ ಒಂದು ಹೆಸರು ಹೊಳೆಯಿತು. ಪರಿಚಯ ಮಾಡಿಸಲು ಕಂಪ್ಯೂಟರಿನಲ್ಲಿ ಮೊದಲೇ ಇರುವ ಟೂಲು ನಮಗೆ ಆಗುವುದಿಲ್ಲ. ಒಳಗೆ ರಿಜಿಸ್ಟ್ರಿ ಎರಡಿದೆ, ಹಳಬರಿಗೊಂದು, ಹೊಸಬರಿಗೊಂದು. ಆ ಟೂಲು ಹೊಸಬರ ಕಡೆ ಬರೆದು ಬರುತ್ತದೆ, ನನ್ನ ಪ್ರೋಗ್ರಾಮ್ ಹಳಬರ ಕಡೆ ಹುಡುಕುತ್ತಾ ಕೂರುತ್ತದೆ. ಎರಡೂ ಕಡೆ ಹೋಗಿ ಹೇಳಿ ಬರುವ ಟೂಲನ್ನು ನಾನೇ ಕಟ್ಟುತ್ತೇನೆ. ಅದಕ್ಕೆ ‘ಯಾರ ಪೈಕಿ’ ಎಂದು ಹೆಸರು.

ಇದರಲ್ಲಿ ಇನ್ನೊಂದು ಲಾಭ ಇದೆ. ಕಾಂಪೊನೆಂಟುಗಳ ನಡುವೆ ಟೂಲೇ ಮಾತಾಡಿದರೆ ನಾನು ಅವನ ಹತ್ತಿರ ಮಾತಾಡಬೇಕಾಗಿಲ್ಲ.

ಫೆಬ್ರವರಿ 18, ಮಂಗಳವಾರ

ಟೂಲು ಅರ್ಧ ಆಯಿತು. ಪಕ್ಕದ ಪ್ಲೈವುಡ್ ಕಾರ್ಖಾನೆಯ ಗರಗಸದ ಸದ್ದಿಗೆ ತಲೆಯೂ ಅರ್ಧ ಆಯಿತು.

ಆ ಗಲ್ಫಿನವನಿಗೆ ಒಂದು ಮಾತು ತಿಳಿಸಬೇಕಾಗಿತ್ತು. ಮೇಡಂ ಮೂಲಕ ತಿಳಿಸಿದೆ. ನಮ್ಮ ಕ್ರಮವೇ ಅದು. ನಾನು ಮೇಡಂಗೆ ಹೇಳುತ್ತೇನೆ, ಮೇಡಂ ಕಪಾಟಿನ ಆಚೆ ಹೋಗಿ ಅವನಿಗೆ ಹೇಳುತ್ತಾರೆ, ಉತ್ತರ ಹಿಡಿದುಕೊಂಡು ಈಚೆ ಬರುತ್ತಾರೆ. ಮೂವರಿಗೂ ಅನುಕೂಲ.

ಹೇಳಬೇಕಾದ ಮಾತು ಇಷ್ಟೇ. ನನ್ನ ಪ್ರೋಗ್ರಾಮ್ ಯಾವ ಕಾಂಪೊನೆಂಟನ್ನು ಕರೆದರೂ ಮೊದಲು ‘ಉಂಟಾ?’ ಎಂದು ಕೇಳುತ್ತದೆ. ಕಾಂಪೊನೆಂಟ್ ಇಂಗ್ಲಿಷ್ ಅಕ್ಷರದಲ್ಲಿ ‘ಉಂಟು’ ಎಂದು ಉತ್ತರಿಸಬೇಕು. ಬೇರೆ ಏನೇ ಹೇಳಿದರೂ ನನ್ನ ಪ್ರೋಗ್ರಾಮ್ ‘ಇಲ್ಲ’ ಎಂದು ತೋರಿಸಿ ಬಾಗಿಲು ಹಾಕುತ್ತದೆ. ಹುಡುಗಾಟದ ಪ್ರಾಯದಲ್ಲಿ ಹಾಗೆ ಬರೆದಿದ್ದೆ. ‘ಯೆಸ್’ ಎಂದು ಯಾರು ಬೇಕಾದರೂ ಹೇಳಿಯಾರು, ‘ಉಂಟು’ ಎನ್ನಲಿಕ್ಕೆ ನಮ್ಮೂರಿನವರೇ ಆಗಬೇಕು ಎಂಬ ಧೈರ್ಯ.

ಮೇಡಂ ಆಚೆ ಹೋದರು. ಅವರಿಬ್ಬರ ಮನೆಮಾತು ಬ್ಯಾರಿ, ಗರಗಸದ ಸದ್ದಿನಲ್ಲಿ ಆಡಿದ್ದು ಕೇಳಿಸಲಿಲ್ಲ. ಈಚೆ ಬಂದು, "ಆಯ್ತಂತೆ. ಅದೊಂದು ದೊಡ್ಡ ವಿಷಯವಾ ಅಂತ ಕೇಳಿದ" ಎಂದರು. ಆ ಎರಡನೆಯ ವಾಕ್ಯವನ್ನು ತರುವ ಅಗತ್ಯ ಇರಲಿಲ್ಲ.

ಫೆಬ್ರವರಿ 24, ಸೋಮವಾರ

‘ಯಾರ ಪೈಕಿ’ ಸಿದ್ಧವಾಯಿತು. ಎಷ್ಟು ಚಂದ ಬಂದಿದೆ ಎಂದರೆ ಎರಡು ಸಲ ಸುಮ್ಮನೆ ತೆರೆದು ಮುಚ್ಚಿದೆ. ಪರದೆಯ ಮೇಲೆ ದೊಡ್ಡ ಕನ್ನಡ ಅಕ್ಷರದಲ್ಲಿ ‘ನೀವು ಯಾರ ಪೈಕಿ?’ ಎಂದು ಬರುತ್ತದೆ. ಕೆಳಗೆ ಒಂದು ಖಾಲಿ ಚೌಕ. ಕಾಂಪೊನೆಂಟ್ ಯಾರದ್ದೋ ಅವರ ಹೆಸರನ್ನು ಅಲ್ಲಿ ತುಂಬಿಸಿ ಒತ್ತಿದರೆ ಎರಡೂ ರಿಜಿಸ್ಟ್ರಿಯಲ್ಲಿ ದಾಖಲಾಗುತ್ತದೆ.

ಅವನ ಕಾಂಪೊನೆಂಟನ್ನು ದಾಖಲಿಸಿದೆ. ಎರಡೂ ಕಡೆ ಹೆಸರು ಕಾಣುತ್ತಿದೆ. ನನ್ನ ಪ್ರೋಗ್ರಾಮ್ ತೆರೆದು ಕರೆದೆ.

‘ಇಲ್ಲ’ ಎಂದಿತು.

ಫೆಬ್ರವರಿ 25, ಮಂಗಳವಾರ

ಇಲ್ಲ.

ಫೆಬ್ರವರಿ 28, ಶುಕ್ರವಾರ

ಇಲ್ಲ. ತಪ್ಪು ಅವನದ್ದೇ ಎಂದು ಖಚಿತ. ಅಥವಾ ಈ ಆಫೀಸಿನ ಕಂಪ್ಯೂಟರಿನದ್ದು. ನನ್ನದಂತೂ ಅಲ್ಲ, ಮೂರು ಸಲ ನೋಡಿದೆ.

ಮಾರ್ಚ್ 3, ಸೋಮವಾರ

ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ, ಇದನ್ನು ಓದುವುದು ನಾನೊಬ್ಬನೇ ಅಲ್ಲವೇ.

ಆಫೀಸಿನ ಕಂಪ್ಯೂಟರೇ ಸರಿ ಇಲ್ಲ ಎಂದು ತೀರ್ಮಾನಿಸಿ, ಅವನಿಗೆ ಹೇಳದೆ ಕುಂಬಳೆಯ ಲ್ಯಾಬಿಗೆ ಹೋಗಿ ಟೂಲನ್ನೂ ಅವನ ಕಾಂಪೊನೆಂಟನ್ನೂ ಕೌಂಟರಿನ ಕಂಪ್ಯೂಟರಿಗೆ ಹಾಕಿದೆ. ಕೌಂಟರಿನಲ್ಲಿ ಇರುವುದು ಕುಂಞಾಮಿನ. ನನ್ನ ಪ್ರೋಗ್ರಾಮನ್ನು ನನಗಿಂತ ಚೆನ್ನಾಗಿ ಓಡಿಸುವ ಹೆಂಗಸು. "ಸ್ವಲ್ಪ ಹೊತ್ತು ಯಾವುದನ್ನೂ ಒತ್ತಬೇಡಿ" ಎಂದು ಅವರಿಗೆ ಹೇಳಿ, ಒಳಗಿನ ಇನ್ನೊಂದು ಕಂಪ್ಯೂಟರ್ ನೋಡಲು ಹೋದೆ. ಅಷ್ಟರಲ್ಲಿ ಅವರ ಪರದೆಯ ಮೇಲೆ ‘ನೀವು ಯಾರ ಪೈಕಿ?’ ಎಂದು ಬಂತು.

ಕುಂಞಾಮಿನ ಅದನ್ನು ಓದಿದರು. ಎದುರಿಗೆ ಸಕ್ಕರೆ ಕಾಯಿಲೆಯ ಪರೀಕ್ಷೆಗೆ ಹಸಿದುಕೊಂಡು ಬಂದ ಮುದುಕರೊಬ್ಬರು ನಿಂತಿದ್ದರು. ಹೊಸ ನಿಯಮ ಬಂದಿದೆ ಎಂದುಕೊಂಡು ಕುಂಞಾಮಿನ ಕೇಳಿದರು, "ನೀವು ಯಾರ ಪೈಕಿ?"

ಆ ಮುದುಕರಿಗೂ ಸಂಶಯ ಬರಲಿಲ್ಲ. ನಮ್ಮಲ್ಲಿ ಈ ಪ್ರಶ್ನೆ ಕೇಳಿದರೆ ಯಾರೂ ಯಾಕೆ ಎಂದು ಕೇಳುವುದಿಲ್ಲ, ಸಂತೋಷದಿಂದ ಹೇಳಲು ತೊಡಗುತ್ತಾರೆ. ಅವರು ತಾಯಿಯ ಕಡೆ, ತಂದೆಯ ಕಡೆ, ಹೆಂಡತಿಯ ಕಡೆ ಎಲ್ಲ ಹೇಳಿದರು. ಸಾಲಿನಲ್ಲಿ ಹಿಂದೆ ನಿಂತಿದ್ದವರೊಬ್ಬರು, "ಮಧೂರಿನ ಕೂಸಪ್ಪನವರ ಪೈಕಿಯಾ? ಹಾಗಾದರೆ ನೀವು ನಮಗೆ ಸಂಬಂಧ ಆಗ್ಬೇಕು" ಎಂದು ಮುಂದೆ ಬಂದರು. ನಾನು ಹೊರಗೆ ಬರುವಾಗ ಕೌಂಟರಿನ ಎದುರು ಒಂದು ಸಣ್ಣ ಮದುವೆಮನೆ ನಡೆಯುತ್ತಿತ್ತು. ರಕ್ತ ಕೊಡಬೇಕಾದವರು ಹಸಿವೆಯಲ್ಲೇ ಹಳೆಯ ಜಾಗದ ತಕರಾರಿನವರೆಗೆ ಹೋಗಿದ್ದರು. ಕುಂಞಾಮಿನ ಚೌಕದಲ್ಲಿ ‘ಕೂಸಪ್ಪ’ ಎಂದು ತುಂಬಿಸಿ ಒತ್ತಿಯಾಗಿತ್ತು.

ಹಾಗಾಗಿ ಈಗ ಕುಂಬಳೆಯ ಲ್ಯಾಬಿನಲ್ಲಿ ಆ ಗಲ್ಫಿನವನ ಕಾಂಪೊನೆಂಟ್ ಮಧೂರಿನ ಕೂಸಪ್ಪನವರ ಪೈಕಿ. ನನ್ನ ಪ್ರೋಗ್ರಾಮ್ ಆಗಲೂ ‘ಇಲ್ಲ’ ಎಂದಿತು.

ಡಾಕ್ಟರು ಬಾಗಿಲಲ್ಲಿ ನಿಂತು ನೋಡಿದರು. ಬೈಯಲಿಲ್ಲ. "ಇನ್ನೊಮ್ಮೆ ಹೀಗಾದರೆ ಬೇಡ ಈಶ್ವರಪ್ರಸಾದರೇ. ನಾನು ಕೊಚ್ಚಿಯವರಿಗೆ ಹೇಳಿಬಿಡುತ್ತೇನೆ" ಎಂದರು. ಬೈದಿದ್ದರೆ ಒಳ್ಳೆಯದಿತ್ತು.

ಮಾರ್ಚ್ 6, ಗುರುವಾರ

ಬೆಳಿಗ್ಗೆ ಮೇಡಂ ನನ್ನ ಮಾತನ್ನು ಆಚೆ ಒಯ್ಯಲು ಒಪ್ಪಲಿಲ್ಲ. "ರಂಜಾನ್ ತಿಂಗಳು, ನಂದು ಉಪವಾಸ. ನನಗೆ ಆಚೆ ಈಚೆ ನಡೆದು ಸಾಕಾಯ್ತು. ಇಬ್ಬರೂ ಒಂದೇ ಕಂಪ್ಯೂಟರಿನ ಎದುರು ಕೂತ್ಕೊಳ್ಳಿ, ಇಲ್ಲಾಂದ್ರೆ ಇಬ್ಬರೂ ಮನೆಗೆ ಹೋಗಿ" ಎಂದು ಹೇಳಿ ತಾವೇ ಮನೆಗೆ ಹೋದರು.

ಬಹಳ ಹೊತ್ತು ಕಪಾಟಿನ ಎರಡು ಬದಿಯಲ್ಲಿ ಕೂತೆವು. ಕೊನೆಗೆ ಅವನೇ ಕುರ್ಚಿ ಎಳೆದುಕೊಂಡು ಬಂದ. ಬಂದದ್ದು ಅವನು ಎಂಬುದನ್ನು ಇಲ್ಲಿ ಸ್ಪಷ್ಟವಾಗಿ ದಾಖಲಿಸುತ್ತೇನೆ.

"ನಿಮ್ಮದು ಎಂತ ಕೇಳ್ತದೆ ಸರ್?" ಎಂದ.

"ಉಂಟಾ ಅಂತ."

"ನನ್ನದು ಸರಿಯಾಗಿಯೇ ಹೇಳ್ತದಲ್ಲ, ಉಂಡು ಅಂತ."

"ಎಂತ ಅಂತ?"

"ಉಂಡು."

ನಾನು ಅವನ ಕಾಂಪೊನೆಂಟನ್ನು ತೆರೆದು ನೋಡಿದೆ. ಟಿ ಇರಬೇಕಾದ ಜಾಗದಲ್ಲಿ ಡಿ ಇತ್ತು. "ಉಂಡು ಅಲ್ಲ ಮಾರಾಯಾ, ಉಂಟು. ನಾನು ಮೇಡಂ ಹತ್ತಿರ ಸರಿಯಾಗಿ ಹೇಳಿದ್ದೆ."

"ಮೇಡಂ ನನ್ನ ಹತ್ತಿರವೂ ಸರಿಯಾಗಿಯೇ ಹೇಳಿದ್ರು. ನಮ್ಮ ಬ್ಯಾರಿಯಲ್ಲಿ ಅದಕ್ಕೆ ಉಂಡು ಅಂತಲೇ ಹೇಳುವುದು."

ಹೌದು. ಮಾತು ಕಪಾಟು ದಾಟುವಾಗ ಮೇಡಂ ಅದನ್ನು ತಮ್ಮ ಭಾಷೆಗೆ ತಿರುಗಿಸಿಬಿಟ್ಟಿದ್ದರು. ಹತ್ತು ದಿನ ನನ್ನ ಪ್ರೋಗ್ರಾಮ್ ಕೇಳಿದ ಪ್ರತಿ ಸಲವೂ ಅವನ ಕಾಂಪೊನೆಂಟ್ ‘ಇದ್ದೇನೆ’ ಎಂದೇ ಕೂಗಿ ಹೇಳುತ್ತಿತ್ತು, ಬ್ಯಾರಿಯಲ್ಲಿ.

"ಉಂಡು ಎಂದರೆ ಕನ್ನಡದಲ್ಲಿ ಊಟ ಮಾಡಿ ಎಂದು ಅರ್ಥ" ಎಂದೆ, ಸಿಟ್ಟಿನಲ್ಲೇ. "ನೀವು ಉಪವಾಸ, ನಿಮ್ಮ ಕಾಂಪೊನೆಂಟ್ ಮಾತ್ರ ಹಗಲಿಡೀ ಉಂಡು ಉಂಡು ಅಂತ ಕೂತಿದೆ."

ಅವನು ನಗಲು ಶುರು ಮಾಡಿದ. ಬಾಯಾರಿದವನು ಅಷ್ಟು ನಗಬಾರದು. ಕೆಮ್ಮು ಬಂತು. ನಾನೂ ಸ್ವಲ್ಪ ನಕ್ಕೆನೋ ಏನೋ.

ಆಮೇಲೆ ಯಾರು ತಿದ್ದಬೇಕು ಎಂಬ ಚರ್ಚೆ. ನನ್ನ ಪ್ರೋಗ್ರಾಮ್ ಹಿರಿಯದು, ಅವನೇ ಬದಲಾಯಿಸಬೇಕೆಂದೆ. ತುಳುವಿನಲ್ಲೂ ಉಂಡು, ಮಲಯಾಳದಲ್ಲೂ ಹೆಚ್ಚುಕಡಿಮೆ ಅದೇ, ಉಂಟು ಎನ್ನುವವನು ನಾನೊಬ್ಬನೇ ಎಂದು ಅವನು. ಓಟಿಗೆ ಹಾಕಿದರೆ ನಾನು ಠೇವಣಿ ಕಳೆದುಕೊಳ್ಳುವ ಸ್ಥಿತಿ. ಕಡೆಗೆ ಇಬ್ಬರೂ ಬದಲಾಯಿಸಲಿಲ್ಲ. ನಡುವಿನ ಟೂಲಿಗೇ ಎರಡೂ ಭಾಷೆ ಕಲಿಸಿದೆವು. ಆಚೆಯಿಂದ ಉಂಡು ಎಂದರೆ ಈಚೆಗೆ ಉಂಟು ಎಂದು ದಾಟಿಸುತ್ತದೆ.

ಕರೆದೆ. ಬಾಗಿಲು ತೆರೆಯಿತು. ನನ್ನ ಹಳೆಯ ಪ್ರೋಗ್ರಾಮಿನಿಂದ ಹೊರಟ ರಿಪೋರ್ಟು ಅವನ ಮೊಬೈಲಿನಲ್ಲಿ ಟಿಣ್ ಎಂದಿತು. ಸಂತೋಷವಾಯಿತು, ಸುಳ್ಳು ಯಾಕೆ ಹೇಳಲಿ.

ಮಾರ್ಚ್ 12, ಬುಧವಾರ

ರಿಯಾಝ್ ಟೂಲನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಿದ. ಒಂದು ಕಡೆ ತಪ್ಪು ಹಿಡಿದು, ನಾನು ಕನ್ನಡಕ ಒರೆಸಿಕೊಳ್ಳುವುದರೊಳಗೆ ಸರಿ ಮಾಡಿದ. ನಾನು ಹೇಗೂ ಅದನ್ನು ಹಾಗೆಯೇ ಬರೆಯುವವನಿದ್ದೆ.

ಈಗ ಟೂಲಿಗೆ ಏನು ಹೇಳಿದರೂ ಅರ್ಥವಾಗುತ್ತದೆ. ಉಂಟು, ಉಂಡು, ಯೆಸ್, ಓಕೆ, ಬರೀ ಒಂದು ಎಂಬ ಅಂಕಿ. ಇಲ್ಲ ಎನ್ನುವ ತುಳುವಿನ ‘ಇಜ್ಜಿ’ ಕೂಡ ಸೇರಿಸಿದೆವು, ಅಗತ್ಯ ಏನೂ ಇರಲಿಲ್ಲ. ಯಾವ ಊರಿನ, ಯಾವ ಕಂಪೆನಿಯ ಕಾಂಪೊನೆಂಟ್ ಬಂದರೂ ಯಾರ ಪೈಕಿ ಎಂದು ಕೇಳಿ ಒಳಗೆ ಕೂರಿಸುತ್ತದೆ.

ಕಪಾಟನ್ನು ಗೋಡೆಗೆ ತಳ್ಳಿದೆವು. ಫ್ಯಾನಿನ ಗಾಳಿಗೆ ಅಡ್ಡವಾಗುತ್ತಿತ್ತು. ಈ ನಡುವೆ ಆಫೀಸಿನಲ್ಲಿ ಚಹಾ ಬಿಟ್ಟಿದ್ದೇನೆ. ಹೊಟ್ಟೆಯಲ್ಲಿ ಹುಳಿ ತೇಗು ಇರಬೇಕು. ಮನೆಗೆ ಬಂದ ಮೇಲೆ ಎರಡು ಲೋಟ ಕುಡಿದರೆ ಏನೂ ಆಗುವುದಿಲ್ಲ, ವಿಚಿತ್ರ ಕಾಯಿಲೆ.

ಮಾರ್ಚ್ 20, ಗುರುವಾರ

ಡಾಕ್ಟರಿಗೆ ತೋರಿಸಿದೆವು. ಕುಂಞಾಮಿನ ಬಿಲ್ಲು ಹಾಕಿದರು, ರಿಪೋರ್ಟು ಹೋಯಿತು, ಡಾಕ್ಟರ ಜೇಬಿನಲ್ಲಿ ಮೊಬೈಲು ಟಿಣ್ ಎಂದಿತು. ಅವರ ಮುಖ ಅರಳಿತು. "ಈ ಟೂಲು ಬಹಳ ಉಪಕಾರದ್ದು. ಬೇರೆ ಕಂಪೆನಿಯವರದ್ದನ್ನೂ ಇದರಲ್ಲಿ ಸೇರಿಸಬಹುದಾ?" ಎಂದು ಕೇಳಿದರು.

ರಿಯಾಝ್ ಮೇಜಿನ ಅಡಿಯಲ್ಲಿ ನನ್ನ ಕಾಲು ತುಳಿದ. ನೋಡಿಕೊಂಡು ಕೂರಬಾರದೇ ಎಂದು ಅವನತ್ತ ಒಮ್ಮೆ ನೋಡಿ, ನಾನು ಎದೆಯುಬ್ಬಿಸಿ ಹೇಳಿದೆ, "ಯಾರದ್ದನ್ನೂ ಸೇರಿಸಬಹುದು ಡಾಕ್ಟ್ರೇ. ಅಮೆರಿಕದ್ದಾದರೂ ಅಡ್ಡಿಯಿಲ್ಲ."

"ಕೊಚ್ಚಿಯವರ ಬಿಲ್ಲಿಂಗನ್ನು?"

"ಅರ್ಧ ದಿನದ ಕೆಲಸ."

"ಹಾಗಾದರೆ ಒಳ್ಳೆಯದಾಯಿತು" ಎಂದರು ಡಾಕ್ಟರು. "ನನಗೆ ಎರಡು ಲ್ಯಾಬಿನ ಲೆಕ್ಕ ಒಟ್ಟಿಗೆ ಬೇಕು, ನಿಮ್ಮ ಹಳೆಯದರಲ್ಲಿ ಅದು ಬರುವುದಿಲ್ಲ. ಬಿಲ್ಲಿಂಗು ಕೊಚ್ಚಿಯವರದ್ದು ಹಾಕಿಸುತ್ತೇನೆ. ರಿಯಾಝನ ಕಾಂಪೊನೆಂಟೂ ನಿಮ್ಮ ಟೂಲೂ ಇರಲಿ. ಹಳೆಯದನ್ನು ತೆಗೆದುಬಿಡುವ."

ನನ್ನ ಪ್ರೋಗ್ರಾಮನ್ನು ಉಳಿಸಲೆಂದು ಟೂಲು ಕಟ್ಟಿದವನು ನಾನು. ಅದು ಎಷ್ಟು ಚೆನ್ನಾಗಿ ಆಯಿತೆಂದರೆ ಇನ್ನು ನನ್ನ ಪ್ರೋಗ್ರಾಮೇ ಬೇಡವಂತೆ.

ಮಾರ್ಚ್ 21, ಶುಕ್ರವಾರ

ನನ್ನ ಬಾಯಿಗೆ ಬೀಗ ಹಾಕಬೇಕು. ಊಟ ಸೇರಲಿಲ್ಲ.

ಮಾರ್ಚ್ 25, ಮಂಗಳವಾರ

ಕುಂಬಳೆಯ ಲ್ಯಾಬಿನಿಂದ ನನ್ನ ಪ್ರೋಗ್ರಾಮನ್ನು ತೆಗೆದೆವು. ತೆಗೆಯುವುದಕ್ಕೂ ಆ ಟೂಲೇ ಬೇಕು. ಒತ್ತಬೇಕಾದ ಹೊತ್ತಿಗೆ ರಿಯಾಝ್, "ನೀವು ಹೊರಗೆ ಸ್ವಲ್ಪ ಗಾಳಿಗೆ ಹೋಗಿ ಬನ್ನಿ ಈಶ್ವರಣ್ಣ, ನಾನು ಮಾಡ್ತೇನೆ" ಎಂದ. ಬೇಡ ಎಂದು ನಾನೇ ಒತ್ತಿದೆ. ಕುಂಞಾಮಿನ ಸೆರಗಿನಿಂದ ಪರದೆ ಒರೆಸಿ, "ಇದರಲ್ಲಿ ಎಲ್ಲಿ ಎಂತ ಉಂಟು ಅಂತ ನನ್ನ ಬೆರಳಿಗೇ ಗೊತ್ತಿತ್ತು ಸರ್" ಎಂದರು. ಅಳು ಬಂತು. ಕಂಪ್ಯೂಟರಿನ ಹಿಂದಿನ ವಯರು ನೋಡುವ ನೆಪದಲ್ಲಿ ಬಗ್ಗಿ ಸ್ವಲ್ಪ ಹೊತ್ತು ಅಲ್ಲೇ ಇದ್ದೆ. ರಿಯಾಝನೂ ಬಗ್ಗಿ ವಯರು ನೋಡಿದ. ವಯರಿನಲ್ಲಿ ನೋಡುವಂಥದ್ದು ಏನೂ ಇರಲಿಲ್ಲ.

ಮಾರ್ಚ್ 26, ಬುಧವಾರ

ಇವತ್ತು ನಡೆದದ್ದು ನನಗೆ ಪೂರ್ತಿ ಹಿಡಿಸಲಿಲ್ಲ, ನಡೆದ ಹಾಗೆ ಬರೆಯುತ್ತೇನೆ.

ಮೇಡಂ ನಮ್ಮಿಬ್ಬರನ್ನೂ ಕರೆದು ಕೂರಿಸಿದರು. ಅವರಿಗೆ ಹೇಳಲು ಕಷ್ಟವಾಗುತ್ತಿತ್ತು, ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡುತ್ತಿದ್ದರು. ಹಳೆಯ ಪ್ರೋಗ್ರಾಮ್ ಇಲ್ಲದ ಮೇಲೆ ಉಳಿಯುವ ಕೆಲಸ ಟೂಲಿನದ್ದು ಮತ್ತು ರಿಯಾಝನ ಕಾಂಪೊನೆಂಟಿನದ್ದು, ಅಷ್ಟಕ್ಕೆ ಇಬ್ಬರು ಬೇಕಾ ಎಂದು ಯೋಚಿಸುತ್ತಿದ್ದೇನೆ ಎಂದರು. ಬರುವ ಮಾತು ನನಗೆ ಗೊತ್ತಿತ್ತು.

"ರಿಯಾಝ್, ಟೂಲನ್ನು ನೀನು ನೋಡಿಕೊಳ್ಳಬಹುದಲ್ಲ?" ಎಂದು ಮೇಡಂ ಕೇಳಿದರು.

"ಇಲ್ಲ ಮೇಡಂ" ಎಂದ ರಿಯಾಝ್. "ನನಗೆ ಅದು ಅರ್ಥ ಆಗುವುದಿಲ್ಲ."

ನಾನು ಅವನನ್ನೇ ನೋಡಿದೆ. ಮೇಡಂ ಕೂಡ ನೋಡಿದರು. "ಅರ್ಥ ಆಗುವುದಿಲ್ಲವಾ? ನೀನೇ ಕೂತು ಓದಿದ್ದಲ್ಲವಾ?"

"ಓದಿದೆ. ತಲೆಗೆ ಹೋಗಲಿಲ್ಲ. ಹಳೆ ಕಾಲದ ಕ್ರಮ ಅದು, ಈಶ್ವರಣ್ಣನಿಗೆ ಮಾತ್ರ ಗೊತ್ತಿರುವುದು. ನಾಳೆ ಮಧೂರಿನಲ್ಲಿ ನಿಂತು ಹೋದರೆ ನಾನು ಎಂತ ಮಾಡ್ಲಿ?"

ಮೊದಲನೆಯದಾಗಿ, ಅದು ಹಳೆಯ ಕಾಲದ ಕ್ರಮ ಅಲ್ಲ. ಎರಡನೆಯದಾಗಿ, ಅದರಲ್ಲಿ ಮೂರನೆಯ ಒಂದು ಪಾಲು ಈಗ ಅವನೇ ಬರೆದದ್ದು. ಎರಡನ್ನೂ ಹೇಳಲು ಬಾಯಿ ತೆರೆದೆ. ಅವನು ಮತ್ತೆ ನನ್ನ ಕಾಲು ತುಳಿದ. ಈ ಸಲ ಬಾಯಿ ಮುಚ್ಚಿದೆ.

ಮೇಡಂ ಪೆನ್ನು ಕೆಳಗಿಟ್ಟರು. ಬಹಳ ಹೊತ್ತು ಅವನ ಮುಖ ನೋಡಿ, "ಹಾಗಾದರೆ ನೀನು ಕಲಿಯುವವರೆಗೆ ಈಶ್ವರಪ್ರಸಾದ್ ಸರ್ ಇರಬೇಕಾಗ್ತದೆ" ಎಂದರು. ಅಷ್ಟು ಹೇಳಿ ಕಿಟಕಿಯ ಕಡೆ ತಿರುಗಿಕೊಂಡರು.

ಸಂಜೆ ಬಸ್‌ಸ್ಟಾಪಿನವರೆಗೆ ಒಟ್ಟಿಗೆ ನಡೆದೆವು. "ನಿನಗೆ ಪಾಠ ಹೇಳಬೇಕಂತೆ. ಕಲಿಯಲಿಕ್ಕೆ ಎಷ್ಟು ಸಮಯ ಬೇಕಾಗಬಹುದು?" ಎಂದು ಕೇಳಿದೆ.

ಅವನು ಯೋಚಿಸಿದ. "ನಿಮಗೆ ರಿಟೈರ್ ಆಗ್ಲಿಕ್ಕೆ ಇನ್ನು ಎಷ್ಟು ವರ್ಷ ಉಂಟು?"

"ಅರುವತ್ತಕ್ಕೆ ಅಂತ ಹಿಡಿದರೆ ಹನ್ನೊಂದು."

"ಹಾಗಾದರೆ ನನಗೂ ಹನ್ನೊಂದು ಬೇಕು" ಎಂದು ಹೇಳಿ, ಉಪವಾಸದ ನೋಂಬು ತೆರೆಯಲು ತಡವಾಗುತ್ತದೆಂದು ಬೈಕು ಹತ್ತಿದ.

ಮನೆಯಲ್ಲಿ ಇದನ್ನು ಶ್ರೀರಂಜಿನಿಗೆ ಹೇಳಿದೆ. ಅವಳು ನಗಲು ಶುರು ಮಾಡಿ, ಸೌಟು ಕೆಳಗಿಟ್ಟು, ಕಣ್ಣು ಒರೆಸಿಕೊಂಡು, ಪುನಃ ನಕ್ಕಳು. ಅಷ್ಟು ನಗುವಂಥದ್ದು ಏನಿತ್ತೋ. ರಂಜಾನಿನ ಪೆರ್ನಾಲ್ ಹಬ್ಬ ಕಳೆದ ಮೇಲೆ ಮೊದಲನೆಯ ಪಾಠ ಇಟ್ಟುಕೊಂಡಿದ್ದೇನೆ. ಅಂಥ ತಲೆಗೆ ತುಂಬಿಸುವಾಗ ಅವಸರ ಮಾಡಬಾರದು. ಸ್ವಲ್ಪ ನಿಧಾನವಾಗಿಯೇ ಹೇಳಿಕೊಡುತ್ತೇನೆ.